ಗೂಡು ಕಾಯುವವನಿಗೆ ಕಾಡಿನ ಮೇಲೆ ಹಕ್ಕಿಲ್ಲವೇ?

"ಕಾಡು ಉಳಿಯಬೇಕಾದರೆ ಕಾಡಿನೊಳಗಿನ ಜನ ಹೊರಗೆ ಬರಬೇಕು." ನಮ್ಮ ಪಟ್ಟಣಗಳಲ್ಲಿ ವನ್ಯಜೀವಿಗಳ ವಿಷಯ ಚರ್ಚೆಗೆ ಬಂದಾಗಲೆಲ್ಲ ಈ ಮಾತು ಕೇಳಿಬರುತ್ತದೆ. ವಿದ್ಯಾವಂತರು, ಸಜ್ಜನರು, ಪ್ರಾಣಿಪಕ್ಷಿಗಳನ್ನು ನಿಜವಾಗಿಯೂ ಪ್ರೀತಿಸುವವರು ಇದನ್ನು ಹೇಳುತ್ತಾರೆ. ನಾವು ಕೂಡ ಒಂದು ಕಾಲದಲ್ಲಿ ಇದನ್ನು ನಂಬಿದವರೇ. ಕಾಡೆಂದರೆ ಮರ ಮತ್ತು ಮೃಗ, ಮನುಷ್ಯನೆಂದರೆ ಕೊಡಲಿ ಮತ್ತು ಬೆಂಕಿ ಎಂದು ಶಾಲೆಯ ಪಾಠಗಳೇ ನಮಗೆ ಕಲಿಸಿದ್ದವು. ಆದರೆ ಈ ನಂಬಿಕೆಯನ್ನು ಒಂದು ಹಕ್ಕಿಯ ಕಥೆ ಬುಡಮೇಲು ಮಾಡುತ್ತದೆ. ಆ ಹಕ್ಕಿ ಮಂಗಟ್ಟೆ. ಇಂಗ್ಲಿಷ್ ಬಲ್ಲವರು ಅದನ್ನು ಹಾರ್ನ್‌ಬಿಲ್ ಎನ್ನುತ್ತಾರೆ.

ಕೇರಳದ ತ್ರಿಶೂರ್ ಜಿಲ್ಲೆಯ ಅದಿರಪ್ಪಳ್ಳಿ ಜಲಪಾತವನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ನೋಡದವರು ಸಿನಿಮಾಗಳಲ್ಲಿ ಕಂಡಿರುತ್ತಾರೆ. ಚಾಲಕುಡಿ ಹೊಳೆ ಅಲ್ಲಿ ಬಂಡೆಯಿಂದ ಧುಮುಕುತ್ತದೆ. ಪ್ರವಾಸಿಗರು ಫೋಟೊ ತೆಗೆದುಕೊಳ್ಳುತ್ತಾರೆ, ಕರಿದ ತಿಂಡಿ ತಿನ್ನುತ್ತಾರೆ, ಮರಳುತ್ತಾರೆ. ಅದೇ ರಸ್ತೆಯಲ್ಲಿ ಇನ್ನಷ್ಟು ಮೇಲೆ ಹೋದರೆ ವಾಳಚ್ಚಾಲ್ ಸಿಗುತ್ತದೆ. ಹೊಳೆಯ ಎರಡು ದಂಡೆಗಳಲ್ಲೂ ತಗ್ಗುಪ್ರದೇಶದ ದಟ್ಟ ಮಳೆಕಾಡು. ಪಶ್ಚಿಮ ಘಟ್ಟದಲ್ಲಿ ಇಂತಹ ನದೀತೀರದ ಕಾಡು ಇಂದು ಉಳಿದಿರುವುದು ಬಹಳ ಕಡಿಮೆ. ತಗ್ಗಿನ ಕಾಡುಗಳನ್ನೆಲ್ಲ ನಾವು ತೋಟ, ಅಣೆಕಟ್ಟು ಮತ್ತು ರಸ್ತೆಗಳಿಗೆ ಬಲಿಕೊಟ್ಟು ಬಹುಕಾಲವಾಯಿತು.

ಪಶ್ಚಿಮ ಘಟ್ಟದಲ್ಲಿ ಕಾಣಸಿಗುವ ನಾಲ್ಕು ಜಾತಿಯ ಮಂಗಟ್ಟೆಗಳೂ ಇಲ್ಲಿವೆ. ದೊಡ್ಡ ಮಂಗಟ್ಟೆ, ಮಲಬಾರ್ ಕಪ್ಪುಬಿಳಿ ಮಂಗಟ್ಟೆ, ಮಲಬಾರ್ ಬೂದು ಮಂಗಟ್ಟೆ ಮತ್ತು ಬಯಲುಸೀಮೆಯಲ್ಲೂ ಕಾಣುವ ಸಾಮಾನ್ಯ ಬೂದು ಮಂಗಟ್ಟೆ. ದೊಡ್ಡ ಮಂಗಟ್ಟೆಯು ಕೇರಳದ ರಾಜ್ಯಪಕ್ಷಿ. ಅರುಣಾಚಲ ಪ್ರದೇಶದ ರಾಜ್ಯಪಕ್ಷಿಯೂ ಅದೇ. ರಾಜ್ಯಪಕ್ಷಿಯ ಪಟ್ಟವೇನೋ ಸಿಕ್ಕಿತು, ಆದರೆ ಅಂತಾರಾಷ್ಟ್ರೀಯ ಸಂಸ್ಥೆಗಳು ಸಿದ್ಧಪಡಿಸುವ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಅದು 2018ರಲ್ಲಿ ಸೇರಿತು. ಜಗತ್ತಿನಲ್ಲಿ ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಮಲಬಾರ್ ಬೂದು ಮಂಗಟ್ಟೆಯನ್ನು 2020ರಲ್ಲಿ ಅದೇ ಪಟ್ಟಿಗೆ ಸೇರಿಸಲಾಯಿತು.

ಈ ಹಕ್ಕಿಯ ಸಂಸಾರದ ಕ್ರಮ ವಿಚಿತ್ರವಾದುದು. ಗೂಡಿಗಾಗಿ ಅದಕ್ಕೆ ದೊಡ್ಡ ಪೊಟರೆಯಿರುವ ಹಳೆಯ ಮರವೇ ಬೇಕು. ಪೊಟರೆಯನ್ನು ಕೊರೆಯಲು ಅದಕ್ಕೆ ಬಾರದು. ಮರಿ ಮಾಡುವ ಕಾಲದಲ್ಲಿ ಹೆಣ್ಣು ಪೊಟರೆಯೊಳಗೆ ಹೋಗಿ ಕುಳಿತು ಹಿಕ್ಕೆ, ಮಣ್ಣು ಮತ್ತು ಹಣ್ಣಿನ ತಿರುಳಿನಿಂದ ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸಣ್ಣ ಸೀಳು ಮಾತ್ರ ಉಳಿಯುತ್ತದೆ. ಗಂಡು ಹಕ್ಕಿ ತಿಂಗಳುಗಟ್ಟಲೆ ಕಾಡು ಸುತ್ತಿ ಅತ್ತಿ, ಆಲದಂತಹ ಹಣ್ಣುಗಳನ್ನು ತಂದು ಆ ಸೀಳಿನ ಮೂಲಕ ಉಣಿಸುತ್ತದೆ. ಗಂಡು ಸತ್ತರೆ ಒಳಗಿರುವ ತಾಯಿ ಮತ್ತು ಮರಿಗಳ ಗತಿಯೂ ಮುಗಿದಂತೆಯೇ. ಒಂದು ಗುಂಡು ಒಂದು ಹಕ್ಕಿಯನ್ನಲ್ಲ, ಒಂದು ಕುಟುಂಬವನ್ನು ಕೊಲ್ಲುತ್ತದೆ. ಮರ ಕಡಿದರೂ ಅಷ್ಟೇ. ಮರುವರ್ಷವೂ ಅದೇ ಪೊಟರೆಗೆ ಮರಳಿ ಬರುವ ಹಕ್ಕಿಗೆ ಇನ್ನೊಂದು ಮನೆ ಸುಲಭವಾಗಿ ಸಿಗುವುದಿಲ್ಲ. ನೂರು ವರ್ಷದ ಮರಕ್ಕೆ ಬದಲಾಗಿ ನೂರು ಸಸಿ ನೆಡುತ್ತೇವೆ ಎನ್ನುವ ನಮ್ಮ ಲೆಕ್ಕಾಚಾರ ಮಂಗಟ್ಟೆಗೆ ಅರ್ಥವಾಗುವುದಿಲ್ಲ.

ಅದೇ ಹಕ್ಕಿ ಹಣ್ಣು ನುಂಗಿ ಬೀಜವನ್ನು ದೂರದಲ್ಲಿ ಉಗುಳುತ್ತದೆ. ಬೇರಾವ ಹಕ್ಕಿಯೂ ನುಂಗಲಾಗದ ದೊಡ್ಡ ಬೀಜಗಳು ಅದರ ಕೊಕ್ಕಿನಿಂದಲೇ ಕಾಡಿನ ತುಂಬ ಹರಡುತ್ತವೆ. ಕಾಡು ಹಕ್ಕಿಯನ್ನು ಸಾಕುತ್ತದೆ, ಹಕ್ಕಿ ಕಾಡನ್ನು ಬೆಳೆಸುತ್ತದೆ.

ಕಳ್ಳರೆಂದವರೇ ಕಾವಲುಗಾರರಾದರು

ವಾಳಚ್ಚಾಲ್‌ನ ಕಾಡಿನಲ್ಲಿ ಕಾಡರ್ ಎಂಬ ಆದಿವಾಸಿ ಜನರಿದ್ದಾರೆ. ಹೆಸರೇ ಹೇಳುವಂತೆ ಅವರು ಕಾಡಿನವರು. ಕೇರಳದಲ್ಲಿ ಅವರ ಸಂಖ್ಯೆ ಎರಡು ಸಾವಿರದ ಆಸುಪಾಸು. ನಮ್ಮ ಕರಾವಳಿಯ ಕೊರಗರನ್ನೂ, ಕೊಡಗು-ಮೈಸೂರಿನ ಜೇನುಕುರುಬರನ್ನೂ ಸರಕಾರ ಯಾವ ಪಟ್ಟಿಯಲ್ಲಿಟ್ಟಿದೆಯೋ, ಅತ್ಯಂತ ದುರ್ಬಲ ಬುಡಕಟ್ಟುಗಳ ಆ ಪಟ್ಟಿಯಲ್ಲೇ ಅವರೂ ಇದ್ದಾರೆ. ಜೇನು, ಹಾಲುಮಡ್ಡಿ, ಗೆಡ್ಡೆಗೆಣಸು, ಹೊಳೆಯ ಮೀನು ಅವರ ಬದುಕಿನ ಆಧಾರ.

ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಬೇಕಾಗಿಲ್ಲ. ಕಾಡರ್ ಜನರು ಹಿಂದೆ ಮಂಗಟ್ಟೆಯ ಮರಿಗಳನ್ನು ಗೂಡಿನಿಂದ ತೆಗೆಯುತ್ತಿದ್ದರು. ಯಾವ ಮರದಲ್ಲಿ ಗೂಡಿದೆ, ಮರಿ ಎಷ್ಟು ಬೆಳೆದಿದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಕಾನೂನಿನ ಕಣ್ಣಿನಲ್ಲಿ ಇದು ಅಪರಾಧ. ಹಳೆಯ ಪದ್ಧತಿಯಂತೆ ಇದಕ್ಕೆ ಒಂದೇ ಔಷಧ: ಕೇಸು, ಜೈಲು, ಒಕ್ಕಲೆಬ್ಬಿಸುವಿಕೆ. ಆದರೆ ಈ ಶತಮಾನದ ಆರಂಭದ ವರ್ಷಗಳಲ್ಲಿ ವಾಳಚ್ಚಾಲ್‌ನಲ್ಲಿ ಬೇರೊಂದು ಪ್ರಯೋಗ ನಡೆಯಿತು. ಸಂಶೋಧಕ ಕೆ.ಎಚ್. ಅಮಿತಾ ಬಚ್ಚನ್ ಮತ್ತು ಅವರ ಜೊತೆಗಾರರು ಅರಣ್ಯ ಇಲಾಖೆಯನ್ನೂ ಕಾಡರ್ ಜನರನ್ನೂ ಒಂದೆಡೆ ಕೂರಿಸಿದರು. ಗೂಡು ಗೊತ್ತಿರುವವನೇ ಗೂಡು ಕಾಯಲಿ ಎಂಬುದು ಸರಳ ವಿಚಾರ. ಮರಿ ತೆಗೆಯುತ್ತಿದ್ದವರೇ ಮರಿ ಹಾರುವ ತನಕ ಮರವನ್ನು ನೋಡಿಕೊಳ್ಳತೊಡಗಿದರು. ಯಾವ ಗೂಡಿಗೆ ಹೆಣ್ಣು ಯಾವಾಗ ಹೋಯಿತು, ಗಂಡು ಏನು ತಂದಿತು, ಮರಿ ಎಂದು ಹೊರಬಂತು ಎಂದು ಬರೆದಿಟ್ಟರು. ಇದಕ್ಕೆ ಅವರಿಗೆ ಕೂಲಿಯೂ ದೊರೆಯಿತು. ಇಂದು ವಾಳಚ್ಚಾಲ್‌ನ ಮಂಗಟ್ಟೆಗಳ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಈ ಜನರ ಕಣ್ಣಿನ ದುಡಿಮೆ.

ಇದನ್ನು ಕೇಳಿ ಕೆಲವರು ನಗುತ್ತಾರೆ. "ಕಳ್ಳನ ಕೈಗೇ ಕೀಲಿಕೈಯೇ?" ಎನ್ನುತ್ತಾರೆ. ಅವರಿಗೆ ಒಂದು ಮಾತನ್ನು ನೆನಪಿಸಬಯಸುತ್ತೇವೆ. ಈ ದೇಶದ ಪಕ್ಷಿವಿಜ್ಞಾನದ ಪಿತಾಮಹ ಎಂದು ನಾವೆಲ್ಲ ಗೌರವಿಸುವ ಸಲೀಂ ಅಲಿಯವರು ಬಾಲ್ಯದಲ್ಲಿ ಏರ್‌ಗನ್‌ನಿಂದ ಗುಬ್ಬಚ್ಚಿಗಳನ್ನು ಹೊಡೆಯುತ್ತಿದ್ದ ಹುಡುಗ. ಹಾಗೆ ಹೊಡೆದ, ಗಂಟಲಲ್ಲಿ ಹಳದಿ ಮಚ್ಚೆಯಿದ್ದ ಒಂದು ಹಕ್ಕಿ ಯಾವುದೆಂದು ತಿಳಿಯಲು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತಿದ ಅವರನ್ನು ಅಲ್ಲಿಯ ಅಧಿಕಾರಿ ಗದರಿಸಿ ಕಳುಹಿಸಲಿಲ್ಲ. ಕಪಾಟು ತೆರೆದು ಸಂಗ್ರಹ ತೋರಿಸಿದರು. ಆ ಬಾಗಿಲು ತೆರೆದದ್ದರಿಂದಲೇ ಭಾರತಕ್ಕೊಬ್ಬ ಸಲೀಂ ಅಲಿ ದೊರೆತರು. 1930ರ ದಶಕದಲ್ಲಿ ಅವರೇ ತಿರುವಾಂಕೂರು-ಕೊಚ್ಚಿ ಸೀಮೆಯ ಕಾಡುಗಳನ್ನು ಸುತ್ತಿ ಹಕ್ಕಿಗಳ ಸಮೀಕ್ಷೆ ನಡೆಸಿದರು. ಒಳ್ಳೆಯ ಮನೆತನದ ಹುಡುಗ ಹಕ್ಕಿ ಹೊಡೆದರೆ ಅದು ವಿಜ್ಞಾನದ ಮೊದಲ ಪಾಠ, ಕಾಡಿನ ಹುಡುಗ ಹೊಡೆದರೆ ಅದು ಹುಟ್ಟುಗುಣ! ಈ ತಾರತಮ್ಯವನ್ನು ನಾವು ಎಂದಾದರೂ ಪ್ರಶ್ನಿಸಿದ್ದೇವೆಯೇ?

ವಾಳಚ್ಚಾಲ್ ಒಂದೇ ಉದಾಹರಣೆಯಲ್ಲ. ದೂರದ ಅರುಣಾಚಲದ ಪಕ್ಕೆ ಹುಲಿ ಮೀಸಲು ಪ್ರದೇಶದ ಅಂಚಿನಲ್ಲಿ ನಿಶಿ ಬುಡಕಟ್ಟಿನವರಿದ್ದಾರೆ. ಮಂಗಟ್ಟೆಯ ಕೊಕ್ಕನ್ನು ಬೆತ್ತದ ಟೋಪಿಗೆ ಸಿಕ್ಕಿಸಿಕೊಳ್ಳುವುದು ಅವರ ಗಂಡಸರ ಹೆಮ್ಮೆ. ಅದಕ್ಕಾಗಿ ಹಕ್ಕಿಗಳು ಸಾಯುತ್ತಿದ್ದವು. ಮೊದಲು ಫೈಬರ್‌ಗ್ಲಾಸ್‌ನ ಕೊಕ್ಕುಗಳು ಬಂದವು. ಬಳಿಕ 2011-12ರ ಸುಮಾರಿಗೆ ಗೂಡುಗಳನ್ನು ದತ್ತು ಕೊಡುವ ಯೋಜನೆ ಆರಂಭವಾಯಿತು. ಪಟ್ಟಣದವರು ಹಣ ಕೊಡುತ್ತಾರೆ, ಹಳ್ಳಿಯವರು ಗೂಡು ಕಾಯುತ್ತಾರೆ. ಹಳ್ಳಿಯ ಹಿರಿಯರ ಘೋರಾ-ಆಭೆ ಸಂಘ, ಅರಣ್ಯ ಇಲಾಖೆ ಮತ್ತು ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇದರ ಮೂವರು ಪಾಲುದಾರರು. ಈ ಕೆಲಸಕ್ಕಾಗಿ ವಿಜ್ಞಾನಿ ಅಪರಾಜಿತಾ ದತ್ತ ಅವರಿಗೆ 2013ರಲ್ಲಿ ಅಂತಾರಾಷ್ಟ್ರೀಯ ಮನ್ನಣೆ ದೊರೆಯಿತು. ಅಲ್ಲಿಯೂ ಬೇಟೆಗಾರರಾಗಿದ್ದವರೇ ಕಾವಲುಗಾರರು. ಆದರೆ ಪಕ್ಕದ ಪಾಪುಮ್ ಮೀಸಲು ಅರಣ್ಯದಲ್ಲಿ ಅಕ್ರಮ ಮರಗಡಿತ ಕಾಡನ್ನು ತಿನ್ನುತ್ತಾ ಬಂದಿದೆ. ಕಾವಲುಗಾರ ಗೂಡನ್ನು ಕಾಯಬಲ್ಲ. ಮರದ ದಿಮ್ಮಿ ಹೊತ್ತ ಲಾರಿಯನ್ನು ತಡೆಯುವ ಅಧಿಕಾರ ಅವನಿಗಿಲ್ಲ.

ನಮ್ಮ ಮಾತಿರುವುದು ಇಲ್ಲಿಯೇ. ಆದಿವಾಸಿಗಳನ್ನು 'ಸಮುದಾಯದ ಸಹಭಾಗಿತ್ವ' ಎಂಬ ಚೆಂದದ ಹೆಸರಿನಲ್ಲಿ ಕೂಲಿ ಕಾವಲುಗಾರರನ್ನಾಗಿ ಇಟ್ಟುಕೊಳ್ಳಲು ಈಗ ಬಹಳ ಮಂದಿ ಸಿದ್ಧರಿದ್ದಾರೆ. ಅನುದಾನ ಇರುವ ತನಕ ಕೂಲಿ, ಅನುದಾನ ಮುಗಿದರೆ ಮನೆಗೆ. ಆದರೆ ಈ ಕಾಡಿನ ಭವಿಷ್ಯದ ಬಗ್ಗೆ ತೀರ್ಮಾನಿಸುವ ಮೇಜಿನ ಮುಂದೆ ಅವರಿಗೆ ಕುರ್ಚಿ ಕೊಡಲು ಎಷ್ಟು ಮಂದಿ ಸಿದ್ಧರಿದ್ದಾರೆ?

ಕಾಡನ್ನು ತಿಂದವರು ಯಾರು?

ಚಾಲಕುಡಿ ಹೊಳೆಯ ಇತಿಹಾಸ ನೋಡೋಣ. 20ನೇ ಶತಮಾನದ ಆರಂಭದಲ್ಲಿ ಕೊಚ್ಚಿ ಸಂಸ್ಥಾನ ಚಾಲಕುಡಿಯಿಂದ ಪರಂಬಿಕುಳಂ ಕಾಡಿನೊಳಗೆ ಟ್ರಾಮ್ ಹಳಿ ಹಾಕಿತು. ತೇಗ ಮತ್ತು ಬೀಟೆಯ ದಿಮ್ಮಿಗಳು ದಶಕಗಳ ಕಾಲ ಆ ಹಳಿಯ ಮೇಲೆ ಉರುಳಿದವು. ಕಡಿದಲ್ಲಿ ತೇಗದ ತೋಪುಗಳೆದ್ದವು. 1957ರಲ್ಲಿ ಪೆರಿಂಗಲ್‌ಕುತ್ತ್ ಅಣೆಕಟ್ಟು ಬಂತು. 1965ರ ಸುಮಾರಿಗೆ ಶೋಲಯಾರ್ ಬಂತು. ಪರಂಬಿಕುಳಂ ಜಲಾಶಯಗಳು ಬಂದವು. ಪ್ರತಿಯೊಂದು ಸಲವೂ ಮುಳುಗಿದ್ದು ಕಾಡು, ಎದ್ದು ಹೊರಟದ್ದು ಕಾಡರ್ ಜನ. ಒಂದು ನೆಲೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಇದರಲ್ಲಿ ಒಂದನ್ನಾದರೂ ಕಾಡಿನ ಜನ ಮಾಡಿದರೇ? ಎಲ್ಲಕ್ಕೂ ಸರಕಾರಿ ಮೊಹರು ಇತ್ತು, ನಕ್ಷೆಯಿತ್ತು, ಅಂದಾಜುಪಟ್ಟಿಯಿತ್ತು. ಮಂಗಟ್ಟೆಯ ಮರಿ ತೆಗೆದವನ ಹೆಸರು ಅಪರಾಧಿಗಳ ಪಟ್ಟಿಯಲ್ಲಿದೆ. ಮಂಗಟ್ಟೆಯ ಕಾಡನ್ನೇ ತೆಗೆದವರ ಹೆಸರು ಉದ್ಘಾಟನಾ ಫಲಕಗಳಲ್ಲಿದೆ.

ಇದೇ ಹೊಳೆಗೆ ಇನ್ನೂ ಒಂದು ಅಣೆಕಟ್ಟು ಕಟ್ಟುವ ಯೋಜನೆಯೇ ಅದಿರಪ್ಪಳ್ಳಿ ಜಲವಿದ್ಯುತ್ ಯೋಜನೆ. ಸಾಮರ್ಥ್ಯ 163 ಮೆಗಾವ್ಯಾಟ್. ಕೇರಳದ ಇಡುಕ್ಕಿ ಯೋಜನೆಯ 780 ಮೆಗಾವ್ಯಾಟ್‌ನ ಎದುರು ಇದು ಸುಮಾರು ಐದನೇ ಒಂದು ಪಾಲು. ಇದಕ್ಕಾಗಿ ಬೇಕಾಗಿದ್ದುದು 138 ಹೆಕ್ಟೇರಿನಷ್ಟು ಕಾಡು. "ಇಷ್ಟೇ ತಾನೇ?" ಎಂದು ಕೇಳಿದವರಿದ್ದಾರೆ. ಆದರೆ ಆ 'ಇಷ್ಟೇ' ಎಂಬುದು ನದೀತೀರದ ಅದೇ ತಗ್ಗುಕಾಡು, ಮಲಬಾರ್ ಕಪ್ಪುಬಿಳಿ ಮಂಗಟ್ಟೆ ಕೇರಳದಲ್ಲಿ ಮುಖ್ಯವಾಗಿ ಗೂಡು ಮಾಡುವ ಜಾಗ. ಮನೆಯೊಳಗಿನ ಅಡುಗೆಕೋಣೆ ಒಂದನ್ನೇ ಕೆಡವುತ್ತೇವೆ, ಉಳಿದ ಮನೆ ಹಾಗೇ ಇರುತ್ತದೆ ಎಂದರೆ ಹೇಗೆ?

ಈ ಯೋಜನೆಗೆ ಕೇಂದ್ರ ಸರಕಾರ 1998ರಲ್ಲಿ ಪರಿಸರ ಅನುಮತಿ ನೀಡಿತು. ಜನರ ಅಹವಾಲು ಕೇಳದ ಕಾರಣ 2001ರಲ್ಲಿ ಕೇರಳ ಹೈಕೋರ್ಟ್ ಅದಕ್ಕೆ ಅಡ್ಡಬಂತು. 2005ರಲ್ಲಿ ಮತ್ತೆ ಅನುಮತಿ, 2006ರಲ್ಲಿ ಮತ್ತೆ ನ್ಯಾಯಾಲಯದಿಂದ ರದ್ದು. 2007ರಲ್ಲಿ ಮೂರನೆಯ ಬಾರಿ ಅನುಮತಿ. ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮ ಘಟ್ಟ ತಜ್ಞರ ಸಮಿತಿ 2011ರಲ್ಲಿ ಈ ಯೋಜನೆ ಬೇಡವೆಂದಿತು. ಇಷ್ಟಾದರೂ 2020ರ ಜೂನ್‌ನಲ್ಲಿ ರಾಜ್ಯ ಸರಕಾರ ವಿದ್ಯುತ್ ಮಂಡಳಿಗೆ ಏಳು ವರ್ಷಗಳ ಅವಧಿಯ ನಿರಾಕ್ಷೇಪಣೆ ಕೊಟ್ಟು ಹಳೆಯ ಕಡತದ ಧೂಳು ಕೊಡವಿತು. ವಿರೋಧ ತೀವ್ರವಾದಾಗ 2021ರಲ್ಲಿ ಹಿಂದೆ ಸರಿಯಿತು. ಕಡತಗಳಿಗೆ ಸಾವಿಲ್ಲ ಎಂಬುದನ್ನು ಅದಿರಪ್ಪಳ್ಳಿ ನಮಗೆ ಕಲಿಸಿದೆ.

ಇಷ್ಟು ವರ್ಷ ಇದನ್ನು ತಡೆದವರು ಯಾರು? ನದಿಯ ನೀರಿನ ಲೆಕ್ಕವನ್ನೇ ಮುಂದಿಟ್ಟು ಮಂಡಳಿಯ ಲೆಕ್ಕವನ್ನು ಪ್ರಶ್ನಿಸಿದ ಲತಾ ಅನಂತ ಅವರಂತಹವರು, ಕ್ಯಾನ್ಸರಿನೊಡನೆ ಹೋರಾಡುತ್ತಲೇ ನದಿಗಾಗಿ ಹೋರಾಡಿ 2017ರಲ್ಲಿ ತೀರಿಕೊಂಡವರು. ಹೊಳೆಯ ಕೆಳಭಾಗದ ರೈತರು. ಎಲ್ಲಕ್ಕಿಂತ ಮಿಗಿಲಾಗಿ ವಾಳಚ್ಚಾಲ್‌ನ ಕಾಡರ್ ಜನ ಮತ್ತು ಅವರ ಊರು ಮುಖ್ಯಸ್ಥೆ ವಿ.ಕೆ. ಗೀತಾ. ಹಿರಿಯರು ಮೂರು ಬಾರಿ ಎಬ್ಬಿಸಲ್ಪಟ್ಟದ್ದನ್ನು ಕೇಳಿ ಬೆಳೆದವರು "ಇನ್ನು ಏಳುವುದಿಲ್ಲ" ಎಂದರೆ ಅದನ್ನು ಅಭಿವೃದ್ಧಿ ವಿರೋಧ ಎನ್ನುವುದು ಯಾವ ನ್ಯಾಯ?

ಅವರ ಕೈಯಲ್ಲಿ ಒಂದು ಅಸ್ತ್ರವಿದೆ. 2006ರ ಅರಣ್ಯ ಹಕ್ಕು ಕಾಯಿದೆಯಂತೆ 2014ರಲ್ಲಿ ವಾಳಚ್ಚಾಲ್‌ನ ಒಂಬತ್ತು ಕಾಡರ್ ಊರುಗಳಿಗೆ ಸುಮಾರು 400 ಚದರ ಕಿಲೋಮೀಟರ್ ಕಾಡಿನ ಮೇಲೆ ಸಾಮುದಾಯಿಕ ಹಕ್ಕು ದೊರೆಯಿತು. ಆ ಕಾಯಿದೆಯ 5ನೇ ಕಲಮು ಓದಬೇಕಾದದ್ದು. ಕಾಡು, ವನ್ಯಜೀವಿ ಮತ್ತು ಜಲಮೂಲಗಳನ್ನು ರಕ್ಷಿಸುವ ಅಧಿಕಾರವನ್ನು ಅದು ಗ್ರಾಮಸಭೆಗೆ ಕೊಡುತ್ತದೆ. ಅಂದರೆ ಮಂಗಟ್ಟೆಯನ್ನು ಕಾಯುವುದು ಕಾಡರ್ ಜನರಿಗೆ ಇಲಾಖೆ ದಯಪಾಲಿಸಿದ ಕೂಲಿಯಲ್ಲ, ಕಾನೂನು ಕೊಟ್ಟ ಹಕ್ಕು. ಆದರೂ ಇದೇ ಕಾಡಿನ ಆನಕ್ಕಯಂನಲ್ಲಿ 7.5 ಮೆಗಾವ್ಯಾಟ್‌ನ ಇನ್ನೊಂದು ಯೋಜನೆಗೆ ಮರ ಕಡಿಯಲು ಹೊರಟಾಗ ಗ್ರಾಮಸಭೆಯನ್ನು ಕೇಳಲಿಲ್ಲವೆಂದು ಅವರು ಪ್ರತಿಭಟಿಸಬೇಕಾಯಿತು. 2018ರ ಮಹಾಮಳೆಯಲ್ಲಿ ಗುಡ್ಡ ಕುಸಿದು ಕಾಡರ್ ಕುಟುಂಬಗಳು ಮನೆ ಕಳೆದುಕೊಂಡ ಜಾಗವದು!

ಒಂದು ಕೈಯಲ್ಲಿ ಕೊಟ್ಟು...

ದುರದೃಷ್ಟವೆಂದರೆ ಈ ಕಾಯಿದೆಯ ಹಲ್ಲುಗಳನ್ನು ಒಂದೊಂದಾಗಿ ಕೀಳಲಾಗುತ್ತಿದೆ. ವನ್ಯಜೀವಿ ಸಂರಕ್ಷಣೆಯ ಹೆಸರಿನ ಸಂಘಟನೆಗಳೇ ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವು. 2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ಹೊರಹಾಕಬೇಕೆಂಬ ಆದೇಶ ಸುಪ್ರೀಂ ಕೋರ್ಟಿನಿಂದ ಬಂತು. ದೇಶದಲ್ಲಿ ಕೋಲಾಹಲವೆದ್ದ ಬಳಿಕ ಅದೇ ತಿಂಗಳ 28ರಂದು ಅದಕ್ಕೆ ತಡೆ ಸಿಕ್ಕಿತು. 2022ರ ಅರಣ್ಯ ಸಂರಕ್ಷಣಾ ನಿಯಮಗಳು ಗ್ರಾಮಸಭೆಯ ಒಪ್ಪಿಗೆಯ ವಿಷಯವನ್ನು ಕೇಂದ್ರದ ಅನುಮತಿಯ ನಂತರದ ಹಂತಕ್ಕೆ ತಳ್ಳಿದವು. ಮದುವೆ ಮುಗಿದ ಮೇಲೆ ಹುಡುಗಿಯ ಒಪ್ಪಿಗೆ ಕೇಳಿದಂತೆ!

ಗ್ರೇಟ್ ನಿಕೋಬಾರ್ ದ್ವೀಪವನ್ನು ನೋಡಿ. ನಿಕೋಬಾರ್ ದ್ವೀಪಗಳಲ್ಲದೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಮೆಗಾಪೋಡ್ ಎಂಬ ಹಕ್ಕಿ ಅಲ್ಲಿಯ ಕರಾವಳಿಯ ಕಾಡಿನಲ್ಲಿ ಮಣ್ಣಿನ ದಿಬ್ಬ ಮಾಡಿ ಮೊಟ್ಟೆಯಿಡುತ್ತದೆ. 2022ರಲ್ಲಿ ಬಂದರು, ವಿಮಾನ ನಿಲ್ದಾಣ, ನಗರ ಎಂದು ಸುಮಾರು 130 ಚದರ ಕಿಲೋಮೀಟರ್ ಮಳೆಕಾಡನ್ನು ಬಳಸಲು ಅನುಮತಿ ದೊರೆಯಿತು. ಅದೇ ವರ್ಷ ಅಲ್ಲಿಯ ಬುಡಕಟ್ಟು ಮಂಡಳಿ ತಾನು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂದೆಗೆದುಕೊಂಡಿತು. ಬಡವನಿಗೆ "ಹಕ್ಕಿಗಾಗಿ ಕಾಡು ಬಿಡು" ಎನ್ನುವವರು ಬಂದರಿಗೆ "ಹಕ್ಕಿಗಾಗಿ ಜಾಗ ಬಿಡು" ಎಂದು ಅಷ್ಟೇ ಜೋರಾಗಿ ಹೇಳಿದ್ದನ್ನು ನಾವು ಕೇಳಿಲ್ಲ.

ನಮ್ಮ ಕರ್ನಾಟಕವೇನೂ ಇದಕ್ಕೆ ಹೊರತಲ್ಲ. ದಾಂಡೇಲಿಯಲ್ಲಿ ಮಂಗಟ್ಟೆಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು, ಹಬ್ಬವೂ ನಡೆದಿದೆ. ಸಂತೋಷ. ಅದೇ ವರ್ಷ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆತಾಗ, ಹುಲಿ ಮೀಸಲು ಪ್ರದೇಶದೊಳಗೆ ಇಂತಹ ಹಕ್ಕು ಪಡೆದವರಲ್ಲಿ ಅವರೇ ಮೊದಲಿಗರೆಂದು ನಾವು ಹೆಮ್ಮೆಪಟ್ಟೆವು. ಆದರೆ 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಜೇನುಕುರುಬ ಕುಟುಂಬಗಳು ಹಿರಿಯರ ಹಳೆಯ ಹಾಡಿಗೆ ಮರಳಿ ಗುಡಿಸಲು ಹಾಕಲು ಹೊರಟಾಗ ಅವರನ್ನು ಎದುರುಗೊಂಡದ್ದು ಅರಣ್ಯ ಸಿಬ್ಬಂದಿ ಮತ್ತು ಪೊಲೀಸರು. ಅದೇ ಹೊತ್ತಿಗೆ, ಸಿಂಗಳೀಕಗಳ ಅಭಯಾರಣ್ಯವಾದ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಯೋಜನೆಗಾಗಿ ಕಡತಗಳು ಓಡಾಡುತ್ತಿದ್ದವು. ಗುಡಿಸಲಿಗೊಂದು ನ್ಯಾಯ, ಸುರಂಗಕ್ಕೊಂದು ನ್ಯಾಯ.

"ಹಾಗಾದರೆ ವಿದ್ಯುತ್ ಬೇಡವೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇಕು. ಈ ಲೇಖನವನ್ನು ನಾವು ಕತ್ತಲಲ್ಲಿ ಕುಳಿತು ಬರೆಯುತ್ತಿಲ್ಲ. ಆದರೆ ನಮ್ಮ ದೀಪಕ್ಕೆ ಎಣ್ಣೆ ಯಾರ ಮನೆಯಿಂದ ಬರುತ್ತಿದೆ ಎಂದು ಕೇಳುವುದು ನಮ್ಮ ಹೊಣೆ. ಒಂದೇ ಹೊಳೆಗೆ ಮತ್ತೆ ಮತ್ತೆ ಕಟ್ಟೆ ಕಟ್ಟಿ, ಒಂದೇ ಜನರನ್ನು ಮತ್ತೆ ಮತ್ತೆ ಎಬ್ಬಿಸಿ ಪಡೆಯುವ ಬೆಳಕು ಅಗ್ಗವಾಗಿ ಕಾಣುವುದು ಅದರ ಬೆಲೆಯನ್ನು ಬೇರೆಯವರು ತೆರುತ್ತಿರುವುದರಿಂದ ಮಾತ್ರ.

ಇನ್ನೊಂದು ಪ್ರಶ್ನೆಯೂ ಇದೆ. ನಾಳೆ ಗ್ರಾಮಸಭೆಯೇ ಕಾಡನ್ನು ಮಾರಲು ಹೊರಟರೆ? ಆದಿವಾಸಿಗಳೆಲ್ಲ ಸಂತರಲ್ಲ, ಅವರೂ ನಮ್ಮಂತೆ ಮನುಷ್ಯರು. ತಪ್ಪಬಹುದು. ಅದಕ್ಕಾಗಿಯೇ ಕಾನೂನಿದೆ, ವಿಜ್ಞಾನಿಗಳಿದ್ದಾರೆ, ಇಲಾಖೆಯಿದೆ. ಇವರ್ಯಾರೂ ಬೇಡವೆಂದು ನಾವು ಹೇಳುತ್ತಿಲ್ಲ. ವಾಳಚ್ಚಾಲ್‌ನಲ್ಲಿ ಮಂಗಟ್ಟೆ ಉಳಿದದ್ದು ಇವರೆಲ್ಲ ಒಟ್ಟಾಗಿದ್ದರಿಂದಲೇ. ಆದರೆ ನೂರು ವರ್ಷಗಳಿಂದ ಈ ಕಾಡನ್ನು ಕಡಿಯಲು ಮುಳುಗಿಸಲು ಸಹಿ ಹಾಕಿದ ಕೈಗಳನ್ನು ನಂಬುವ ನಾವು, ಒಂದು ಬಾರಿಯೂ ಆ ಸಹಿ ಹಾಕದ ಕೈಗಳನ್ನು ಅನುಮಾನಿಸುವುದೇಕೆ?

ಪೊಟರೆಯೊಳಗಿನ ಹೆಣ್ಣು ಮಂಗಟ್ಟೆ ಇಡೀ ಬಾಗಿಲು ಮುಚ್ಚಿಕೊಂಡು ಹೊರಗಿರುವ ಸಂಗಾತಿಯನ್ನು ನಂಬಿ ಕೂರುತ್ತದೆ. ಹೊರಗಿರುವ ಇನ್ನೊಬ್ಬ ಸಂಗಾತಿ ಕಾಡರ್ ಯುವಕ, ಮರದ ಬುಡದಲ್ಲಿ ಪುಸ್ತಕ ಹಿಡಿದು ನಿಂತವನು. ಅವನ ಕಾಲ ಕೆಳಗಿನ ನೆಲ ಅವನದಲ್ಲ ಎಂದು ಮತ್ತೆ ಹೇಳಿದ ದಿನ ಆ ಗೂಡಿಗೂ ಕಾವಲಿರುವುದಿಲ್ಲ. ಮಂಗಟ್ಟೆಯನ್ನು ಪ್ರೀತಿಸುತ್ತೇವೆ ಎನ್ನುವವರು ಮೊದಲು ಅವನ ಹಕ್ಕಿನ ಪರವಾಗಿ ನಿಲ್ಲಲಿ. ಹಬ್ಬವನ್ನು ಅನಂತರ ಆಚರಿಸೋಣ.